ಬೆರಳು ಒಂದು ಹೇಳುತ್ತದೆ, ತೋಳು ಇನ್ನೊಂದು

ಮಧುಮೇಹಕ್ಕೆಂದು ತೋಳಿಗೆ ಗ್ಲೂಕೋಸ್ ಸೆನ್ಸರ್ ಹಾಕಿಸಿಕೊಂಡ ಮೊದಲ ದಿನ ಬಹುತೇಕ ಎಲ್ಲರೂ ಒಂದು ಪರೀಕ್ಷೆ ಮಾಡಿ ನೋಡುತ್ತಾರೆ. ಬೆರಳು ಚುಚ್ಚಿದರೆ ಗ್ಲೂಕೋಮೀಟರ್‌ನಲ್ಲಿ 142. ಅದೇ ಗಳಿಗೆಯಲ್ಲಿ ಫೋನ್ ತೆಗೆದರೆ ತೋಳಿನ ಸೆನ್ಸರ್ ತೋರಿಸುವುದು 118. ಮನೆಯವರೆಲ್ಲ ಸುತ್ತ ಸೇರಿ ಯಾವುದು ಸರಿ ಎಂದು ವಿಚಾರಣೆಗೆ ಕೂರುತ್ತಾರೆ. ಸಾವಿರಾರು ರೂಪಾಯಿ ನೀರಿಗೆ ಹಾಕಿದಂತಾಯಿತು ಎನ್ನುವವರು ಕೆಲವರು. ಇಷ್ಟು ದುಬಾರಿಯದು ತಪ್ಪು ತೋರಿಸಲಾರದು, ಹಳೆಯ ಮೀಟರೇ ಕೆಟ್ಟಿರಬೇಕು ಎನ್ನುವವರು ಇನ್ನು ಕೆಲವರು. ಎರಡೂ ಯಂತ್ರಗಳು ನೆಟ್ಟಗೇ ಇರುವ ಸಾಧ್ಯತೆ ಹೆಚ್ಚು ಎಂದು ಹೇಳಿದರೆ ಯಾರಿಗೂ ಸಮಾಧಾನವಾಗುವುದಿಲ್ಲ. ಆದರೆ ಸೆನ್ಸರ್ ಕಟ್ಟಿಕೊಂಡು ಬದುಕುವವರಿಗೆ ಎದುರಾಗುವ ತೊಂದರೆಗಳಲ್ಲಿ ಹಲವು ಇಲ್ಲಿಂದಲೇ ಹುಟ್ಟುತ್ತವೆ. ಹಾಗಾಗಿ ಮೊದಲು ಈ ಜಗಳವನ್ನು ಬಿಡಿಸೋಣ.

ಮೀಟರ್ ಕೊಡುವ ಅಂಕಿಯನ್ನು ನಾವು ಕಲ್ಲಿನಲ್ಲಿ ಕೆತ್ತಿದ ಹಾಗೆ ನಂಬುತ್ತೇವೆ. ಮನೆಬಳಕೆಯ ಗ್ಲೂಕೋಮೀಟರ್‌ಗಳಿಗೆ ಅನ್ವಯಿಸುವ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 15197. ಅದರ 2013ರ ಆವೃತ್ತಿಯ ಪ್ರಕಾರ, ಒಂದು ಡೆಸಿಲೀಟರ್ ರಕ್ತದಲ್ಲಿ 100 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಸಕ್ಕರೆ ಇದ್ದಾಗ ನೂರರಲ್ಲಿ 95 ಅಳತೆಗಳು ನಿಜವಾದ ಅಂಕಿಯಿಂದ ಶೇ 15ರ ಒಳಗೆ ಇದ್ದರೆ ಸಾಕು. ಅಂದರೆ ನಿಜವಾದ ಸಕ್ಕರೆ 140 ಇದ್ದಾಗ 119 ಎಂದರೂ ಮೀಟರ್ ಪಾಸು, 161 ಎಂದರೂ ಪಾಸು. ಇದರ ಮೇಲೆ ಬೆರಳಿನದೇ ಕಿತಾಪತಿ ಬೇರೆ. ಜಪಾನಿನ ವೈದ್ಯರು 2011ರಲ್ಲಿ ಒಂದು ಸರಳ ಪ್ರಯೋಗ ಪ್ರಕಟಿಸಿದರು. ಕಿತ್ತಳೆ, ದ್ರಾಕ್ಷಿ, ಕಿವಿ ಹಣ್ಣು ಸುಲಿದ ಕೈಯಲ್ಲೇ ರಕ್ತ ತೆಗೆದು ನೋಡಿದಾಗ ಸಕ್ಕರೆ ವಿಪರೀತ ಏರಿ ಕಾಣಿಸಿತು. ಸ್ಪಿರಿಟ್ ಹತ್ತಿಯಿಂದ ಒರೆಸಿದರೂ ಅಂಕಿ ಇಳಿಯಲಿಲ್ಲ. ನಲ್ಲಿ ನೀರಲ್ಲಿ ಕೈ ತೊಳೆದ ಮೇಲಷ್ಟೇ ಸರಿಹೋಯಿತು. ಮಾವಿನ ಕಾಲದಲ್ಲಿ ನಮ್ಮ ಅಡುಗೆಮನೆಗಳಲ್ಲಿ ಇದನ್ನು ನೆನಪಿಡಬೇಕು. ಸೆನ್ಸರ್ ಸುಳ್ಳು ಎಂದು ದೂರುವ ಮೊದಲು ಸೋಪಿನಿಂದ ಕೈ ತೊಳೆದು, ಚೆನ್ನಾಗಿ ಒರೆಸಿ, ಮತ್ತೊಮ್ಮೆ ಚುಚ್ಚಿ ನೋಡಬೇಕು.

ಇನ್ನು ಸೆನ್ಸರ್. ತೋಳಿನ ಹಿಂಭಾಗದಲ್ಲಿ ನಾಣ್ಯದಂತೆ ಅಂಟಿ ಕೂತಿರುವ ಅದರ ಅಡಿಯಿಂದ ಕೂದಲಿನಷ್ಟು ಸಣ್ಣ ಎಳೆಯೊಂದು ಚರ್ಮದೊಳಗೆ ಇಳಿದಿರುತ್ತದೆ. ಅದನ್ನು ಒಳಗೆ ಕೂರಿಸುವ ಸೂಜಿ ಆ ಕ್ಷಣವೇ ಹೊರಗೆ ಬಂದುಬಿಡುತ್ತದೆ, ಎಳೆ ಮಾತ್ರ ಉಳಿಯುತ್ತದೆ. ಭಾರತದಲ್ಲಿ ಹೆಚ್ಚು ಬಳಕೆಯಲ್ಲಿರುವ ಫ್ರೀಸ್ಟೈಲ್ ಲಿಬ್ರೆಯಲ್ಲಿ ಅದರ ಉದ್ದ ಸುಮಾರು 5 ಮಿಲಿಮೀಟರ್, ಆಯುಸ್ಸು 14 ದಿನ. ಎಳೆಯ ತುದಿ ಯಾವ ರಕ್ತನಾಳದಲ್ಲೂ ಇಲ್ಲ. ಚರ್ಮದ ಕೆಳಗಿನ ಜೀವಕೋಶಗಳ ನಡುವೆ ತುಂಬಿರುವ ತೆಳು ದ್ರವದಲ್ಲಿ ಅದು ನಿಂತಿದೆ. ರಕ್ತನಾಳ ಕಾಲುವೆಯಾದರೆ ಈ ದ್ರವ ಹೊಲದ ತೇವ. ತೂಬು ಎತ್ತಿದ ತಕ್ಷಣ ಕಾಲುವೆಯಲ್ಲಿ ನೀರು ಏರುತ್ತದೆ, ಹೊಲದ ಮಣ್ಣು ನೆನೆಯಲು ಹೊತ್ತು ಹಿಡಿಯುತ್ತದೆ. ತೂಬು ಮುಚ್ಚಿದ ಮೇಲೂ ಮಣ್ಣಿನ ಹಸಿ ಸ್ವಲ್ಪ ಹೊತ್ತು ಉಳಿಯುತ್ತದೆ. ಮೀಟರ್ ಅಳೆಯುವುದು ಕಾಲುವೆಯನ್ನು, ಸೆನ್ಸರ್ ಅಳೆಯುವುದು ಹೊಲವನ್ನು. ಇವೆರಡರ ನಡುವಿನ ಅಂತರ ಸಾಮಾನ್ಯವಾಗಿ 5ರಿಂದ 10 ನಿಮಿಷ, ಕೆಲವೊಮ್ಮೆ ಇನ್ನೂ ಸ್ವಲ್ಪ ಹೆಚ್ಚು.

ಹತ್ತು ನಿಮಿಷ ಏನು ಮಹಾ ಎನಿಸಬಹುದು. ಊಟಕ್ಕೆ ಮೊದಲು, ಸಕ್ಕರೆ ನಿಂತ ನೀರಿನಂತಿರುವಾಗ, ನಿಜಕ್ಕೂ ಏನೂ ಅಲ್ಲ. ಎರಡು ಅಂಕಿಗಳನ್ನು ಹೋಲಿಸುವುದಿದ್ದರೆ ಹೋಲಿಸಬೇಕಾದದ್ದು ಆಗಲೇ. ಆದರೆ ಸಂಜೆ ಬಿರುಸಾಗಿ ನಡೆದು ಬಂದವರ ಸಕ್ಕರೆ ನಿಮಿಷಕ್ಕೆ 2 ಮಿಲಿಗ್ರಾಂನಂತೆ ಇಳಿಯುತ್ತಿದೆ ಎಂದುಕೊಳ್ಳಿ. ಹತ್ತು ನಿಮಿಷಕ್ಕೆ 20. ಸೆನ್ಸರ್ 85 ಎಂದು ಹೇಳುವ ಹೊತ್ತಿಗೆ ರಕ್ತದಲ್ಲಿ 65 ಇರಬಹುದು. ಆಗ ನೋಡಬೇಕಾದದ್ದು ಅಂಕಿಯ ಪಕ್ಕದ ಬಾಣವನ್ನು. ಕೆಳಮುಖವಾದ ಬಾಣದೊಂದಿಗಿನ 85ಕ್ಕೂ ಅಡ್ಡ ಬಾಣದೊಂದಿಗಿನ 85ಕ್ಕೂ ಬಹಳ ವ್ಯತ್ಯಾಸವಿದೆ. ಮೈ ಬೆವರಿ, ಕೈ ನಡುಗಿ, ಎದೆ ಡವಡವ ಎನ್ನುತ್ತಿದ್ದರೆ ಸೆನ್ಸರ್ ಏನೇ ಹೇಳಲಿ ಬೆರಳು ಚುಚ್ಚಬೇಕು. ಸ್ಟ್ರಿಪ್ ಕೈಗೆ ಸಿಗದಿದ್ದರೆ ಸಕ್ಕರೆ ಬಾಯಿಗೆ ಹಾಕಿಕೊಳ್ಳಬೇಕು. ಅನಗತ್ಯವಾಗಿ ತಿಂದ ಮೂರು ಚಮಚ ಸಕ್ಕರೆಯಿಂದ ಯಾರೂ ಪ್ರಜ್ಞೆ ತಪ್ಪಿ ಬೀಳುವುದಿಲ್ಲ, ತಿನ್ನದೇ ಬಿಟ್ಟರೆ ಬೀಳಬಹುದು.

ಇದೇ ಹತ್ತು ನಿಮಿಷ ಇನ್ನೊಂದು ಕಡೆಯಿಂದಲೂ ಕಾಡುತ್ತದೆ. ಸಕ್ಕರೆ ಅತಿಯಾಗಿ ಇಳಿದಾಗ, ಅಂದರೆ ಶುಗರ್ ಲೋ ಆದಾಗ, ವೈದ್ಯರು ಹೇಳಿಕೊಡುವ ಕ್ರಮ, 15 ಗ್ರಾಂ ಗ್ಲೂಕೋಸ್ ಅಥವಾ ಸಕ್ಕರೆ ತಿಂದು 15 ನಿಮಿಷ ಕಾಯುವುದು. ರಕ್ತದಲ್ಲಿ ಸಕ್ಕರೆ ಏರತೊಡಗಿದರೂ ಸೆನ್ಸರ್ ಮಾತ್ರ ಇನ್ನೂ 58, 56 ಎಂದು ಇಳಿಸುತ್ತಲೇ ಹೋಗುತ್ತದೆ. ಹೆದರಿದ ಮನುಷ್ಯ ಇನ್ನೊಂದು ಹಿಡಿ ಸಕ್ಕರೆ, ಒಂದು ಬಾಳೆಹಣ್ಣು, ಮೇಲೆ ನಾಲ್ಕು ಬಿಸ್ಕೆಟ್ ತಿನ್ನುತ್ತಾನೆ. ಒಂದು ಗಂಟೆಯ ನಂತರ ನೋಡಿದರೆ 260. ಆಗ ಅದನ್ನು ಇಳಿಸಲು ಇನ್ಸುಲಿನ್. ಲೋ ಆದ ಮೇಲಿನ ಆ ಅರ್ಧ ಗಂಟೆಯಲ್ಲಿ ಚೇತರಿಕೆಯನ್ನು ಬೆರಳಿನಿಂದಲೇ ನೋಡಬೇಕು. ಸೆನ್ಸರ್ ಕೊಟ್ಟ ನೆಮ್ಮದಿಯನ್ನೆಲ್ಲ ಈ ಅರ್ಧ ಗಂಟೆ ಕಿತ್ತುಕೊಳ್ಳುವುದನ್ನು ಕಂಡಿದ್ದೇನೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ರಾತ್ರಿಯ ಅಲಾರಂ ಇನ್ನೊಂದು ಬಗೆಯ ಹಿಂಸೆ. ಎರಡು ಗಂಟೆಯ ಹೊತ್ತಿಗೆ ಫೋನ್ ಕಿರುಚುತ್ತದೆ, 54 ಎನ್ನುತ್ತದೆ. ಟೈಪ್ 1 ಮಧುಮೇಹವಿರುವ ಮಗುವಿನ ತಾಯಿ ದಡಬಡಿಸಿ ಎದ್ದು ನೋಡಿದರೆ ಮಗು ಬೆವರಿಲ್ಲದೆ ನೆಮ್ಮದಿಯಾಗಿ ಮಲಗಿದೆ. ಬೆರಳು ಚುಚ್ಚಿದರೆ 110. ಮಗು ಸೆನ್ಸರ್ ಇರುವ ತೋಳಿನ ಮೇಲೆಯೇ ಹೊರಳಿ ಮಲಗಿದೆ, ಅಷ್ಟೇ. ಮೈಭಾರಕ್ಕೆ ಆ ಜಾಗದ ಸಣ್ಣ ರಕ್ತನಾಳಗಳು ಅದುಮಿಹೋಗಿ ಹೊಸ ರಕ್ತ ಬರುವುದು ಕಡಿಮೆಯಾಗುತ್ತದೆ. ಸುತ್ತಲಿನ ಜೀವಕೋಶಗಳು ಇದ್ದ ಗ್ಲೂಕೋಸನ್ನು ಬಳಸುತ್ತಲೇ ಇರುತ್ತವೆ. ಹಾಗಾಗಿ ಆ ಒಂದು ಚದರ ಸೆಂಟಿಮೀಟರಿನಲ್ಲಿ ಸಕ್ಕರೆ ನಿಜವಾಗಿಯೂ ಕುಸಿದಿರುತ್ತದೆ. ಸೆನ್ಸರ್ ತಾನು ಕೂತ ಜಾಗದ ವರದಿಯನ್ನು ಸರಿಯಾಗಿಯೇ ಒಪ್ಪಿಸಿದೆ, ಆ ವರದಿ ಇಡೀ ಮೈಗೆ ಅನ್ವಯಿಸುವುದಿಲ್ಲ. ಗ್ರಾಫ್‌ನಲ್ಲಿ ಇದರ ಗುರುತು ಸ್ಪಷ್ಟ: ರೇಖೆ ಬಾವಿಗೆ ಬಿದ್ದಂತೆ ನೇರ ಕೆಳಗಿಳಿಯುತ್ತದೆ, ಮಗ್ಗುಲು ಬದಲಿಸಿದ ಸ್ವಲ್ಪ ಹೊತ್ತಿಗೆ ಅಷ್ಟೇ ನೇರವಾಗಿ ಮೇಲೇರುತ್ತದೆ. ನಿಜವಾದ ಲೋ ಸಾಮಾನ್ಯವಾಗಿ ಇಳಿಜಾರಿನಂತೆ ಬರುತ್ತದೆ.

ಆದರೆ ಗ್ರಾಫ್ ನೋಡಿ, ಓ ಇದು ಒತ್ತಿಕೊಂಡದ್ದು ಎಂದು ಮತ್ತೆ ಮಲಗಿಬಿಡುವುದು ತಪ್ಪು. ಹತ್ತಾರು ವರ್ಷ ಮಧುಮೇಹದೊಂದಿಗೆ ಬದುಕಿದ ಅನೇಕರಲ್ಲಿ ಲೋ ಆದಾಗ ಬೆವರು, ನಡುಕಗಳಂಥ ಮುನ್ಸೂಚನೆಯೇ ಇರುವುದಿಲ್ಲ. ಬೆರಳು ಚುಚ್ಚಿ ಖಚಿತಪಡಿಸಿಕೊಂಡು ಮಲಗಬೇಕು. ಮುಂದಿನ ಬಾರಿ ಸೆನ್ಸರ್ ಹಾಕುವಾಗ ಮಲಗುವ ಮಗ್ಗುಲನ್ನು ನೆನಪಿಟ್ಟು ಇನ್ನೊಂದು ತೋಳನ್ನು, ಅಥವಾ ತೋಳಿನ ಸ್ವಲ್ಪ ಒಳ ಹಿಂಭಾಗವನ್ನು ಆರಿಸಿಕೊಳ್ಳಬೇಕು. ಸೆನ್ಸರ್ ಮಾತು ಕೇಳಿ ತಾನಾಗಿ ಇನ್ಸುಲಿನ್ ನಿಲ್ಲಿಸುವ ಪಂಪ್ ಇರುವವರಿಗೆ ಇದು ಇನ್ನೂ ಮುಖ್ಯ. ಸುಳ್ಳು ಲೋ ನಂಬಿ ಪಂಪ್ ಸುಮ್ಮನಾದರೆ ಬೆಳಗಾಗುವಷ್ಟರಲ್ಲಿ ಸಕ್ಕರೆ ಏರಿ ಕೂತಿರುತ್ತದೆ.

ಮೊದಲ ದಿನದ ಅಂಕಿಗಳು ಯಾಕೆ ಅಷ್ಟು ಅಡ್ಡಾದಿಡ್ಡಿ? ದೇಹಕ್ಕೆ ಆ ಎಳೆ ಒಂದು ಮುಳ್ಳು. ಒಳಗಿಳಿಯುವಾಗ ಸೂಜಿ ಕೆಲವು ಸೂಕ್ಷ್ಮ ರಕ್ತನಾಳಗಳನ್ನು ಹರಿದಿರುತ್ತದೆ. ಕೆಲವೇ ನಿಮಿಷಗಳಲ್ಲಿ ರಕ್ತದ ಪ್ರೋಟೀನುಗಳು ಎಳೆಯ ಮೈಗೆ ಮೆತ್ತಿಕೊಳ್ಳುತ್ತವೆ, ಹಿಂದೆಯೇ ಬಿಳಿ ರಕ್ತಕಣಗಳು ಮುತ್ತಿಗೆ ಹಾಕುತ್ತವೆ. ಹೀಗೆ ಬಂದ ಕಾವಲುಗಾರರೂ ಗ್ಲೂಕೋಸ್ ಮತ್ತು ಆಮ್ಲಜನಕವನ್ನು ಬಳಸುವವರೇ. ಈ ಗಲಾಟೆ ತಣ್ಣಗಾಗಲು ಸಾಮಾನ್ಯವಾಗಿ ಒಂದು ದಿನ ಬೇಕು. ಲಿಬ್ರೆ ಒಂದು ಗಂಟೆಯಲ್ಲಿ ಅಂಕಿ ಕೊಡಲು ಶುರುಮಾಡುತ್ತದೆ, ನಿಜ. ಆದರೂ ಮೊದಲ 24 ಗಂಟೆಯ ಅಂಕಿಯನ್ನಷ್ಟೇ ನಂಬಿ ಇನ್ಸುಲಿನ್ ಡೋಸ್ ಬದಲಿಸುವುದು ನನಗೆ ಒಪ್ಪಿಗೆಯಿಲ್ಲ. ಹೊಸ ಸೆನ್ಸರನ್ನು ಮಲಗುವ ಹೊತ್ತಿಗೆ ಹಾಕದೆ ಬೆಳಿಗ್ಗೆಯೇ ಹಾಕಿದರೆ ಅದರ ತಡಬಡಿಕೆಯ ಮೊದಲ ತಾಸುಗಳು ನಾವು ಎಚ್ಚರವಿರುವಾಗಲೇ ಕಳೆಯುತ್ತವೆ. ಹಾಕುವಾಗ ಒಂದು ಹನಿ ರಕ್ತ ಕಂಡರೆ ಗಾಬರಿ ಬೇಡ. ನಿಲ್ಲದೆ ಒಸರುತ್ತಿದ್ದರೆ ತೆಗೆದು ಬೇರೆ ಕಡೆ ಹೊಸದು ಹಾಕುವುದೇ ಸರಿ. ಎರಡನೇ ವಾರದ ಕೊನೆಯಲ್ಲಿ ಅಂಕಿಗಳು ಮತ್ತೆ ತಪ್ಪತೊಡಗಿದರೆ, ಅಷ್ಟು ದಿನಗಳಲ್ಲಿ ದೇಹ ಎಳೆಯ ಸುತ್ತ ಗೋಡೆ ಕಟ್ಟತೊಡಗಿರುವುದು ಅದಕ್ಕೆ ಒಂದು ಕಾರಣ.

ಎಳೆಯ ತುದಿಯಲ್ಲಿ ನಡೆಯುವ ರಸಾಯನಶಾಸ್ತ್ರವನ್ನು ಇಲ್ಲಿ ಸ್ವಲ್ಪ ನೋಡಲೇಬೇಕು. ನಾವು ನುಂಗುವ ಕೆಲವು ಸಾದಾ ಮಾತ್ರೆಗಳು ಅದರೊಳಗೆ ಕೈಹಾಕುತ್ತವೆ. 1962ರಲ್ಲಿ ಅಮೆರಿಕದ ಲೀಲಂಡ್ ಕ್ಲಾರ್ಕ್ ಮತ್ತು ಚಾಂಪ್ ಲಯನ್ಸ್ ಒಂದು ವಿಚಾರ ಮಂಡಿಸಿದರು. ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವವನ್ನು ವಿದ್ಯುತ್ ಅಳೆಯುವ ತಂತಿಯ ತುದಿಗೆ ಕೂರಿಸಿದರೆ ಸಕ್ಕರೆಯನ್ನು ವಿದ್ಯುತ್ತಾಗಿ ಓದಬಹುದು. ಕಿಣ್ವ ಗ್ಲೂಕೋಸನ್ನು ಆಮ್ಲಜನಕದೊಂದಿಗೆ ವರ್ತಿಸುವಂತೆ ಮಾಡಿದಾಗ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ. ತಂತಿ ಅದರಿಂದ ಎಲೆಕ್ಟ್ರಾನುಗಳನ್ನು ಕಿತ್ತುಕೊಳ್ಳುತ್ತದೆ. ಎಷ್ಟು ಎಲೆಕ್ಟ್ರಾನು ಹರಿಯಿತೋ ಅಷ್ಟು ಸಕ್ಕರೆ. ತೊಂದರೆ ಏನೆಂದರೆ, ಪೆರಾಕ್ಸೈಡನ್ನು ಒಡೆಯುವಷ್ಟು ವೋಲ್ಟೇಜ್ ಕೊಟ್ಟಾಗ ಪ್ಯಾರಸಿಟಮಾಲ್ ಕೂಡ ಅದೇ ತಂತಿಗೆ ಎಲೆಕ್ಟ್ರಾನ್ ಕೊಟ್ಟುಬಿಡುತ್ತದೆ. ತಂತಿಗೆ ಯಾರು ಕೊಟ್ಟರೆಂದು ಗೊತ್ತಾಗದು. ಹೀಗಾಗಿ ಹಳೆಯ ಡೆಕ್ಸ್‌ಕಾಮ್ ಸೆನ್ಸರ್‌ಗಳಲ್ಲಿ ಜ್ವರಕ್ಕೆ ಪ್ಯಾರಸಿಟಮಾಲ್ ನುಂಗಿದರೆ ಸಕ್ಕರೆ ಇದ್ದಕ್ಕಿಂತ ಬಹಳ ಹೆಚ್ಚು ಕಾಣುತ್ತಿತ್ತು. ಆ ಸುಳ್ಳು ಅಂಕಿಯನ್ನು ನಂಬಿ ಇನ್ಸುಲಿನ್ ಚುಚ್ಚಿಕೊಂಡರೆ ಆಗುವ ಅನಾಹುತ ಊಹಿಸಬಹುದು. 2018ರಲ್ಲಿ ಬಂದ ಜಿ6 ಮಾದರಿಯಲ್ಲಿ ಇದನ್ನು ತಡೆಯುವ ಪೊರೆ ಸೇರಿಸಿದರು. ವಯಸ್ಕರು ಆರು ಗಂಟೆಗೊಮ್ಮೆ 1 ಗ್ರಾಂವರೆಗೆ ತೆಗೆದುಕೊಂಡರೆ ತೊಂದರೆಯಿಲ್ಲ ಎಂದು ಅದರ ಕೈಪಿಡಿ ಹೇಳುತ್ತದೆ. ಡೋಲೋ 650 ಒಂದು ಮಾತ್ರೆ ಈ ಮಿತಿಯೊಳಗಿದೆ.

ಟೆಕ್ಸಾಸ್ ವಿಶ್ವವಿದ್ಯಾಲಯದ ಆ್ಯಡಂ ಹೆಲ್ಲರ್ ಬೇರೆಯೇ ದಾರಿ ಹಿಡಿದರು. ಕಿಣ್ವವನ್ನು ಆಸ್ಮಿಯಂ ಲೋಹದ ಸಂಯುಕ್ತದ ಮೂಲಕ ನೇರ ತಂತಿಗೇ ಜೋಡಿಸಿ, ಆಮ್ಲಜನಕದ ಹಂಗಿಲ್ಲದೆ ಕಡಿಮೆ ವೋಲ್ಟೇಜಿನಲ್ಲಿ ಕೆಲಸ ಮಾಡುವಂತೆ ಮಾಡಿದರು. ಲಿಬ್ರೆ ಈ ವಂಶದ್ದು. ಅದಕ್ಕೆ ಪ್ಯಾರಸಿಟಮಾಲ್ ಕಾಟವಿಲ್ಲ, ವಿಟಮಿನ್ ಸಿ ಕಾಟವಿದೆ. ಅದರ 14 ದಿನದ ಮಾದರಿಯ ಕೈಪಿಡಿಯ ಪ್ರಕಾರ ದಿನಕ್ಕೆ 500 ಮಿಲಿಗ್ರಾಂ ಮೀರಿದರೆ ಅಂಕಿ ಸುಳ್ಳಾಗಿ ಏರಬಹುದು. ನಮ್ಮಲ್ಲಿ ಚೀಪುವ ವಿಟಮಿನ್ ಸಿ ಮಾತ್ರೆ ಒಂದೊಂದೂ 500 ಮಿಲಿಗ್ರಾಂ ಇರುವುದು ಸಾಮಾನ್ಯ. ನೆಗಡಿಯೆಂದು ದಿನಕ್ಕೆ ಎರಡು ಮೂರು ಚೀಪುವವರಿದ್ದಾರೆ. ಔಷಧಿ ಅಂಗಡಿಯಲ್ಲಿ ಇದನ್ನು ಯಾರೂ ಹೇಳುವುದಿಲ್ಲ, ಹೇಳಬೇಕಿತ್ತು.

ಈಗ ಚರ್ಮ. ನಿರಂತರ ಗ್ಲೂಕೋಸ್ ಮಾಪನದ ಚರಿತ್ರೆಯಲ್ಲಿ ಚರ್ಮ ಮೊದಲಿನಿಂದಲೂ ತಕರಾರು ತೆಗೆದಿದೆ. ಅಮೆರಿಕದಲ್ಲಿ 1999ರಲ್ಲಿ ಒಪ್ಪಿಗೆ ಪಡೆದ ಮೊದಲ ಸಾಧನ ಮಿನಿಮೆಡ್ ಕಂಪನಿಯದು. ಮೂರು ದಿನದ ಅಂಕಿಗಳನ್ನು ಕೂಡಿಟ್ಟು ಆಮೇಲೆ ವೈದ್ಯರಿಗಷ್ಟೇ ತೋರಿಸುತ್ತಿತ್ತು. ಅದರ ಬೆನ್ನಿಗೇ, 2001ರಲ್ಲಿ, ಗ್ಲೂಕೋವಾಚ್ ಎಂಬ ಕೈಗಡಿಯಾರ ಬಂತು. ಚುಚ್ಚುವುದೇ ಬೇಡ, ಸಣ್ಣ ವಿದ್ಯುತ್ ಹಾಯಿಸಿ ಚರ್ಮದ ಮೂಲಕ ದ್ರವ ಸೆಳೆದು ಅಳೆಯುತ್ತೇನೆ ಎಂದು ಭರವಸೆ ಕೊಟ್ಟಿತು. ಅನೇಕರ ಮಣಿಕಟ್ಟಿನಲ್ಲಿ ಕೆಂಪು ಬರೆ, ಉರಿ. ಬೆವರು ಬಂದರೆ ಅದು ಅಳತೆಯನ್ನೇ ಬಿಟ್ಟುಬಿಡುತ್ತಿತ್ತು. ಲೋ ಆದಾಗ ಮನುಷ್ಯ ಬೆವರುತ್ತಾನೆ, ಹಾಗಾಗಿ ಅತಿ ಬೇಕಾದ ಗಳಿಗೆಯಲ್ಲೇ ಅದು ಕೈಕೊಡುವ ಅಪಾಯವಿತ್ತು. ಕೆಲವೇ ವರ್ಷಗಳಲ್ಲಿ ಮಾರುಕಟ್ಟೆಯಿಂದ ಮರೆಯಾಯಿತು.

ಇಂದಿನ ಸೆನ್ಸರ್‌ಗಳ ಅಡಿಯಲ್ಲಿ ಬರುವ ತುರಿಕೆಯಲ್ಲಿ ಎರಡು ಬಗೆ. ಒಂದು ಬರೀ ಕೆರಳಿಕೆ: ಎರಡು ವಾರ ಗಾಳಿಯಾಡದ ಚರ್ಮ, ಬೆವರು, ಅಂಟು ಕಿತ್ತಾಗಿನ ಎಳೆತ. ತೆಗೆದ ಮೂರ್ನಾಲ್ಕು ದಿನದಲ್ಲಿ ಮಾಯುತ್ತದೆ. ಇನ್ನೊಂದು ನಿಜವಾದ ಅಲರ್ಜಿ. 2017ರಲ್ಲಿ ಬೆಲ್ಜಿಯಂನ ಚರ್ಮರೋಗ ತಜ್ಞರು ಲಿಬ್ರೆ ಧರಿಸಿದವರ ಹುಣ್ಣುಗಳ ಮೂಲ ಹುಡುಕುತ್ತ ಐಸೋಬಾರ್ನಿಲ್ ಅಕ್ರಿಲೇಟ್ ಎಂಬ ರಾಸಾಯನಿಕಕ್ಕೆ ಬಂದು ಮುಟ್ಟಿದರು. ಪ್ಲಾಸ್ಟಿಕ್ ಭಾಗಗಳನ್ನು ಬೆಸೆಯುವ ಅಂಟಿನಲ್ಲಿದ್ದ ಅದು ಮೆಲ್ಲಗೆ ಚರ್ಮದವರೆಗೆ ಜಿನುಗುತ್ತಿತ್ತು. ಅಮೆರಿಕದ ಸಂಪರ್ಕ ಚರ್ಮರೋಗ ತಜ್ಞರ ಸಂಘ 2020ರ ಸಾಲಿನ ವರ್ಷದ ಅಲರ್ಜಿಕಾರಕವೆಂದು ಅದನ್ನೇ ಆರಿಸಿತು. ಅಲರ್ಜಿಯ ಸ್ವಭಾವವೆಂದರೆ ಅದು ಮರೆಯುವುದಿಲ್ಲ. ಮೊದಲ ಕೆಲವು ಸೆನ್ಸರ್‌ಗಳು ಸುಖವಾಗಿ ಕಳೆದು, ಆಮೇಲೆ ಒಂದರಲ್ಲಿ ತುರಿಕೆ ಶುರುವಾಗಿ, ಅದರ ಮುಂದಿನದರಲ್ಲಿ ಇನ್ನೂ ಬೇಗ ಇನ್ನೂ ಜೋರಾಗಿ, ಅಂಟಿನ ಅಂಚನ್ನೂ ದಾಟಿ ನೀರುಗುಳ್ಳೆ ಎದ್ದರೆ ಚರ್ಮರೋಗ ತಜ್ಞರನ್ನು ಕಾಣಬೇಕು. ಪ್ಯಾಚ್ ಟೆಸ್ಟ್ ಮಾಡಿ ಯಾವ ವಸ್ತು ಎಂದು ಅವರು ಹೇಳಬಲ್ಲರು. ಆಗ ಬೇರೆ ಅಂಟಿನ, ಬೇರೆ ಕಂಪನಿಯ ಸೆನ್ಸರ್‌ಗೆ ಹೋಗಬಹುದು. ಸಹಿಸಿಕೊಂಡು ಮುಂದುವರಿದರೆ ಚರ್ಮ ಇನ್ನಷ್ಟು ಮುನಿಯುತ್ತದೆ.

ಅಂಟು ನಿಲ್ಲದಿರುವುದು ಇದರ ತದ್ವಿರುದ್ಧ ಸಮಸ್ಯೆ. ಮಂಗಳೂರು, ಕಾರವಾರದ ಮೇ ತಿಂಗಳ ಬೆವರಿಗೆ, ರಾಯಚೂರಿನ ಸುಡುಬಿಸಿಲಿಗೆ 14 ದಿನ ಅಂಟಿಕೊಂಡಿರುವುದು ಸುಲಭವಲ್ಲ. ತೆಂಗಿನೆಣ್ಣೆ, ಪೌಡರ್, ಕ್ರೀಮ್ ಯಾವುದೂ ಸೋಕದಂತೆ ಜಾಗವನ್ನು ಸಾದಾ ಸೋಪಿನಿಂದ ತೊಳೆದು, ಪೂರ್ತಿ ಒಣಗಿಸಿ, ಕೂದಲಿದ್ದರೆ ತೆಗೆದು ಹಾಕಬೇಕು. ನರಕ ಚತುರ್ದಶಿಯ ಎಣ್ಣೆಸ್ನಾನ ಬಿಡಬೇಕಿಲ್ಲ, ಸೆನ್ಸರ್ ಸುತ್ತ ಅಂಗೈಯಗಲ ಜಾಗ ಎಣ್ಣೆಯಿಲ್ಲದೆ ಬಿಟ್ಟರಾಯಿತು. ತೆಗೆಯುವ ದಿನ ಅದೇ ಎಣ್ಣೆಯನ್ನು ಅಂಚಿಗೆ ಸವರಿ ಹತ್ತು ನಿಮಿಷ ಬಿಟ್ಟು ಮೆಲ್ಲಗೆ ಬಿಡಿಸಿದರೆ ಚರ್ಮ ಕಿತ್ತುಬರುವುದಿಲ್ಲ. ಲಿಬ್ರೆಯನ್ನು ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಬಹುದು, ಹಾಗಾಗಿ ದಿನದ ಸ್ನಾನಕ್ಕೆ ಅಂಜಿಕೆ ಬೇಡ. ಅದನ್ನು ಹೆಚ್ಚು ಕಿತ್ತುಹಾಕುವುದು ರವಿಕೆಯ ಬಿಗಿ ತೋಳು, ಬ್ಯಾಗಿನ ಪಟ್ಟಿ, ಬಾಗಿಲ ಚೌಕಟ್ಟು, ಬಸ್ಸಿನ ನೂಕುನುಗ್ಗಲು.

ಫೋನ್ ಸಂಪರ್ಕ ಕಡಿದುಹೋಗುವ ದೂರಿಗೆ ಹೆಚ್ಚು ವಿವರಣೆ ಬೇಡ. ಬ್ಲೂಟೂತ್ ಅಲೆಗಳನ್ನು ನೀರು ಹೀರಿಕೊಳ್ಳುತ್ತದೆ, ನಮ್ಮ ದೇಹ ಬಹುಪಾಲು ನೀರು. ಫೋನ್ ಸೆನ್ಸರ್ ಇರುವ ಮಗ್ಗುಲಲ್ಲೇ, ಆರು ಮೀಟರಿನೊಳಗೆ ಇರಲಿ. ಬ್ಯಾಟರಿ ಉಳಿಸುವ ಆಯ್ಕೆ ಆ್ಯಪನ್ನು ಮಲಗಿಸದಂತೆ ನೋಡಿಕೊಳ್ಳಬೇಕು. ಅಲಾರಂ ಮೌನವಾಗಿದ್ದರೆ ಎಲ್ಲ ಸರಿಯಿದೆ ಎಂದುಕೊಳ್ಳುವ ಮೊದಲು ಸಂಪರ್ಕ ಇದೆಯೇ ಎಂದು ನೋಡುವುದು ಒಳ್ಳೆಯದು.

ಹೀಗೆ ಹೇಳುತ್ತಿದ್ದೇನೆಂದು ಸೆನ್ಸರ್ ನಿಜವಾಗಿ ಕೆಡುವುದೇ ಇಲ್ಲ ಎಂದಲ್ಲ. 2025ರ ನವೆಂಬರ್‌ನಲ್ಲಿ ಅಬಾಟ್ ಕಂಪನಿ ತನ್ನ ಲಿಬ್ರೆ 3 ಮತ್ತು ಲಿಬ್ರೆ 3 ಪ್ಲಸ್ ಮಾದರಿಗಳ ಕೆಲವು ಬ್ಯಾಚ್‌ಗಳ ಸೆನ್ಸರ್‌ಗಳು ಇಲ್ಲದ ಲೋ ತೋರಿಸುತ್ತಿವೆಯೆಂದು ತಾನೇ ಎಚ್ಚರಿಕೆ ಹೊರಡಿಸಿ, ಅವನ್ನು ಬಳಸಬೇಡಿ ಎಂದು ಕೇಳಿಕೊಂಡಿತು. ಇಲ್ಲದ ಲೋ ನಂಬಿ ಸಕ್ಕರೆ ತಿನ್ನುತ್ತ, ಇನ್ಸುಲಿನ್ ಬಿಡುತ್ತ ಹೋದರೆ ಪ್ರಾಣಕ್ಕೇ ಅಪಾಯ. ಒತ್ತಿ ಮಲಗಿಲ್ಲ, ಮೊದಲ ದಿನ ಅಲ್ಲ, ಸಕ್ಕರೆ ಏರಿಳಿಯುತ್ತಿಲ್ಲ, ಕೈಯೂ ತೊಳೆದಿದೆ. ಆದರೂ ಎರಡು ಮೂರು ಸಲ ಮೀಟರಿಗೂ ಸೆನ್ಸರಿಗೂ ದೊಡ್ಡ ಅಂತರ ಬಂದರೆ ಆ ಸೆನ್ಸರ್ ಕೆಟ್ಟಿದೆ. ತೆಗೆದುಬಿಡಬೇಕು. ಇಲ್ಲಿ ನಮ್ಮ ಜನರ ಕಷ್ಟ ನನಗೆ ಅರ್ಥವಾಗುತ್ತದೆ. ಜೇಬಿನಿಂದ ದುಡ್ಡು ಕೊಟ್ಟು ಕೊಂಡದ್ದನ್ನು ಐದನೇ ದಿನಕ್ಕೆ ಕಿತ್ತೆಸೆಯಲು ಮನಸ್ಸು ಬರುವುದಿಲ್ಲ, ಇನ್ನೂ ಒಂಬತ್ತು ದಿನ ತಪ್ಪು ಅಂಕಿಯನ್ನೇ ನೋಡುತ್ತ ಕೂರುತ್ತಾರೆ. ಪೆಟ್ಟಿಗೆಯ ಮೇಲಿನ ಕ್ರಮಸಂಖ್ಯೆಯ ಫೋಟೋ, ಮೀಟರಿನ ಮತ್ತು ಸೆನ್ಸರಿನ ಅಂಕಿಗಳನ್ನು ಒಟ್ಟಿಗೆ ತೆಗೆದ ಫೋಟೋ ಇಟ್ಟುಕೊಂಡು ಕಂಪನಿಯ ಗ್ರಾಹಕ ಸೇವೆಗೆ ಫೋನ್ ಮಾಡಬೇಕು. ಅವಧಿಗೆ ಮುನ್ನ ಕೆಟ್ಟದ್ದಕ್ಕೆ ಬದಲಿ ಕೇಳಲು ಸಂಕೋಚ ಬೇಡ.

ಇನ್ನೊಂದು ತೊಂದರೆ ಯಂತ್ರದ್ದಲ್ಲ, ಯಂತ್ರ ನೋಡುವ ನಮ್ಮದು. ಐದು ನಿಮಿಷಕ್ಕೊಂದು ಅಂಕಿ ಕಣ್ಣೆದುರು ಬಂದಾಗ ಪ್ರತಿಯೊಂದಕ್ಕೂ ಏನಾದರೂ ಮಾಡಬೇಕೆನಿಸುತ್ತದೆ. ಊಟದ ನಂತರ 210 ಕಂಡು ಇನ್ಸುಲಿನ್ ಹಾಕಿದವರು, ಒಂದು ಗಂಟೆಗೆ 195 ಇದೆಯೆಂದು ಮತ್ತೆ ಹಾಕುತ್ತಾರೆ. ಮೊದಲನೆಯದು ಇನ್ನೂ ಮೂರು ತಾಸು ಕೆಲಸ ಮಾಡುವುದಿದೆ. ಎರಡೂ ಸೇರಿ ಸಂಜೆಗೆ ನಿಜವಾದ ಲೋ. ಇನ್ಸುಲಿನ್ ಬೇಡದ ಟೈಪ್ 2 ಮಧುಮೇಹದವರಲ್ಲಿ ಇದು ಊಟದ ಭಯವಾಗುತ್ತದೆ. ಇಡ್ಲಿ ತಿಂದಾಗ ಏರಿತು ಎಂದು ಇಡ್ಲಿ ಬಿಟ್ಟರು, ಮುದ್ದೆಗೆ ಏರಿತೆಂದು ಮುದ್ದೆ ಬಿಟ್ಟರು, ಕೊನೆಗೆ ತಟ್ಟೆಯಲ್ಲಿ ಏನೂ ಉಳಿಯದೆ ಮುಖ ಬಾಡಿಸಿಕೊಂಡು ಕೂತರು. ಮಧುಮೇಹವಿಲ್ಲದವರ ಸಕ್ಕರೆಯೂ ಊಟದ ನಂತರ ಏರುತ್ತದೆ, ಕೆಲವೊಮ್ಮೆ 140 ದಾಟುತ್ತದೆ. 2019ರಲ್ಲಿ ಅಂತರರಾಷ್ಟ್ರೀಯ ತಜ್ಞರು ಒಪ್ಪಿದ ಗುರಿ ಹೆಚ್ಚಿನ ವಯಸ್ಕರಿಗೆ ಹೀಗಿದೆ: ದಿನದ ಶೇ 70ಕ್ಕಿಂತ ಹೆಚ್ಚು ಹೊತ್ತು ಸಕ್ಕರೆ 70ರಿಂದ 180ರ ನಡುವೆ, 70ಕ್ಕಿಂತ ಕೆಳಗೆ ಶೇ 4ಕ್ಕಿಂತ ಕಡಿಮೆ ಹೊತ್ತು. ಉಳಿದ ಕಾಲು ಭಾಗ ಮೇಲೆ ಹೋದರೂ ತಜ್ಞರು ಕ್ಷಮಿಸಿದ್ದಾರೆ, ನಾವೂ ನಮ್ಮನ್ನು ಕ್ಷಮಿಸಿಕೊಳ್ಳಬಹುದು. ವಯಸ್ಸಾದವರಿಗೆ, ಲೋ ಆಗುವ ಅಪಾಯ ಹೆಚ್ಚಿರುವವರಿಗೆ ಈ ಗುರಿ ಇನ್ನೂ ಸಡಿಲ. ಅಲಾರಂ ಎಷ್ಟಕ್ಕೆ ಕೂಗಬೇಕೆಂಬುದನ್ನು ವೈದ್ಯರೊಂದಿಗೆ ಕೂತು ನಿರ್ಧರಿಸಿಕೊಂಡರೆ ಅರ್ಧ ಕಿರುಚಾಟ ತಾನಾಗಿ ನಿಲ್ಲುತ್ತದೆ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಲೋ ಅಲಾರಂ ಮಾತ್ರ ಎಂದೂ ಆರಿಸಬಾರದು.

ಕೊನೆಗೆ, ತೆಗೆದ ಸೆನ್ಸರ್ ಎಲ್ಲಿ ಹೋಗುತ್ತದೆ ಎಂಬ ಪ್ರಶ್ನೆ ಉಳಿಯುತ್ತದೆ. ಅದರೊಳಗೆ ಬ್ಯಾಟರಿ ಇದೆ, ರಕ್ತ ಸೋಕಿದ ಎಳೆ ಇದೆ. ಹಾಕಲು ಬಳಸಿದ ಡಬ್ಬಿಯೊಳಗೆ ಸೂಜಿ ಉಳಿದಿರುತ್ತದೆ, ಹೊರಗೆ ಕಾಣುವುದಿಲ್ಲ. ತರಕಾರಿ ಸಿಪ್ಪೆಯ ಜೊತೆ ಇದನ್ನು ಎಸೆದರೆ ಬೆಳಿಗ್ಗೆ ಕಸ ವಿಂಗಡಿಸುವ ಪೌರಕಾರ್ಮಿಕರ ಬರಿಗೈಗೆ ಚುಚ್ಚುತ್ತದೆ. ಸೂಜಿಯಿರುವ ಭಾಗವನ್ನು ಲ್ಯಾನ್ಸೆಟ್, ಇನ್ಸುಲಿನ್ ಸೂಜಿಗಳ ಜೊತೆ ದಪ್ಪ ಪ್ಲಾಸ್ಟಿಕ್ ಬಾಟಲಿಗೆ ಹಾಕಿ ಮುಚ್ಚಳ ಬಿಗಿಮಾಡಿ, ಮೇಲೆ ಸೂಜಿ ಇದೆ ಎಂದು ದೊಡ್ಡದಾಗಿ ಬರೆದು, ತುಂಬಿದ ಮೇಲೆ ತಪಾಸಣೆಗೆ ಹೋಗುವ ಆಸ್ಪತ್ರೆಯಲ್ಲೇ ತೆಗೆದುಕೊಳ್ಳುತ್ತಾರೆಯೇ ಎಂದು ಕೇಳಿ ಒಪ್ಪಿಸಬೇಕು. ಬ್ಯಾಟರಿ ಇರುವ ಬಿಲ್ಲೆ ಇ-ತ್ಯಾಜ್ಯಕ್ಕೆ ಸೇರಬೇಕು. ಅದರ ಎಳೆಗೆ ನಾಲ್ಕು ಸುತ್ತು ಟೇಪು ಸುತ್ತಿ ಕೊಡಬೇಕು.